ಕೋಟೆ ಬಿಟ್ಟು ಮನೆ ನೋಡಿ

ಸ್ಕಾಟ್ಲೆಂಡಿಗೆ ಹೊರಟ ಓದುಗರು ನನಗೆ ಬರೆಯುವ ಪತ್ರಗಳಲ್ಲಿ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮಗನೋ ಮಗಳೋ ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಕೆಲಸದಲ್ಲಿರುತ್ತಾರೆ. ಅಪ್ಪ ಅಮ್ಮ ಬೇಸಿಗೆಗೆ ಅಲ್ಲಿಗೆ ಹೋಗುತ್ತಾರೆ. ಒಂದು ವಾರ ಉತ್ತರದ ಕಡೆ ಹೋಗಿಬರೋಣ ಎಂದು ಎಲ್ಲರೂ ಕೂತು ಪಟ್ಟಿ ಮಾಡುತ್ತಾರೆ: ಎಡಿನ್‌ಬರಾ ಕೋಟೆ, ಲಾಕ್ ನೆಸ್ ಸರೋವರ, ಸ್ಕೈ ದ್ವೀಪ, ಹ್ಯಾರಿ ಪಾಟರ್ ಸಿನಿಮಾದ ರೈಲು ಸೇತುವೆ. ಪಟ್ಟಿಯ ಕೊನೆಗೆ ‘ಹಳ್ಳಿಗಳು, ಹಳೆಯ ಕಟ್ಟಡಗಳು’ ಎಂದು ಸೇರಿಸಿ, ಇಷ್ಟೂ ಒಂದು ವಾರದಲ್ಲಿ ಆಗುತ್ತದೆಯೇ ಎಂದು ಕೇಳುತ್ತಾರೆ. ಆಗುತ್ತದೆ. ಆದರೆ ವಾರದ ಬಹುಪಾಲು ಕಾರಿನೊಳಗೇ ಕಳೆದುಹೋಗುತ್ತದೆ, ಹಳ್ಳಿಗಳು ಕಿಟಕಿಯಾಚೆ ಹಿಂದಕ್ಕೆ ಸರಿಯುತ್ತವೆ. ಆ ಕೊನೆಯ ಸಾಲನ್ನೇ ಪಟ್ಟಿಯ ಮೊದಲಿಗೆ ತರಬೇಕು ಎಂಬುದು ನನ್ನ ಸಲಹೆ. ಒಂದೇ ಜಿಲ್ಲೆ ಆರಿಸಿಕೊಳ್ಳಿ, ಅಲ್ಲೇ ಉಳಿಯಿರಿ, ಕೋಟೆಗಿಂತ ಮನೆಗಳನ್ನು ನೋಡಿ. ಯಾವ ಜಿಲ್ಲೆ ಎಂದರೆ ನಾನು ಹೇಳುವುದು ಫೈಫ್.

ಎಡಿನ್‌ಬರಾದಿಂದ ಉತ್ತರಕ್ಕೆ ಫೋರ್ತ್ ಅಳಿವೆಯನ್ನು ದಾಟಿದರೆ ಫೈಫ್. ದಕ್ಷಿಣಕ್ಕೆ ಫೋರ್ತ್ ಅಳಿವೆ, ಉತ್ತರಕ್ಕೆ ಟೇ ಅಳಿವೆ, ಪೂರ್ವಕ್ಕೆ ಉತ್ತರ ಸಮುದ್ರ. ಹೀಗೆ ಮೂರು ಕಡೆ ನೀರಿರುವ ನೆಲ. ರೈಲಿನಲ್ಲಿ ಹೋದರೆ 1890ರಲ್ಲಿ ಕಟ್ಟಿ ಮುಗಿಸಿದ, 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಕೆಂಪು ಉಕ್ಕಿನ ಸೇತುವೆಯ ಮೇಲೆ ಹಾದುಹೋಗುತ್ತೀರಿ. ಆ ದಾಟುವಿಕೆಯೇ ಒಂದು ನೋಟ. ಈ ಸೀಮೆಯನ್ನು ಚಿನ್ನದ ಅಂಚಿರುವ ತಿರುಕನ ಹೊದಿಕೆ ಎಂದು ಹಳೆಯ ಕಾಲದ ರಾಜನೊಬ್ಬ ಕರೆದನೆಂಬ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಒಳನಾಡು ಸಾಧಾರಣ, ದುಡ್ಡೆಲ್ಲ ಕಡಲತೀರದ ಪುಟ್ಟ ಬಂದರುಗಳಲ್ಲಿ ಎಂದು ಅದರರ್ಥ. ನಾವು ನೋಡಬೇಕಾದ ಮನೆಗಳು ಆ ದುಡ್ಡಿನಿಂದ ಎದ್ದವು.

ಮೊದಲ ದಿನ ಕೂರಸ್‌ಗೆ ಕೊಡಿ. ಊರಿನ ಹೆಸರಿನ ಕಾಗುಣಿತ ನೋಡಿ ಕಲ್‌ರಾಸ್ ಎಂದು ಬಸ್ಸಿನವರನ್ನು ಕೇಳಬೇಡಿ, ಅವರಿಗೆ ಅದು ಕೂರಸ್. ಎಡಿನ್‌ಬರಾದಿಂದ ಸುಮಾರು 40 ಕಿಲೋಮೀಟರ್, ಅಳಿವೆಯ ಉತ್ತರ ದಡದಲ್ಲಿ. ಗುಡ್ಡದ ಬುಡದಲ್ಲಿ ಬಿಳಿ, ಹಳದಿ, ತಿಳಿಗೆಂಪು ಗೋಡೆಗಳ ಕೆಲವು ಓಣಿಗಳು, ಮೇಲೆ ಮುರಿದ ಮಠ, ಕೆಳಗೆ ಕೆಸರು ನೀರು. ಊರಿನ ನಡುವೆ ಗಾಢ ಹಳದಿ ಬಣ್ಣದ ದೊಡ್ಡ ಮನೆಯೊಂದಿದೆ. ಅದಕ್ಕೆ ‘ಅರಮನೆ’ ಎಂದೇ ಹೆಸರು, ಆದರೆ ಯಾವ ರಾಜನೂ ಅದನ್ನು ಕಟ್ಟಿಸಲಿಲ್ಲ. ಕಟ್ಟಿಸಿದವನು ಜಾರ್ಜ್ ಬ್ರೂಸ್ ಎಂಬ ಕಲ್ಲಿದ್ದಲು ಮತ್ತು ಉಪ್ಪಿನ ವ್ಯಾಪಾರಿ. ಕಿಟಕಿಯ ಮೇಲಿನ ಕಲ್ಲೊಂದರಲ್ಲಿ ಅವನ ಹೆಸರಿನ ಎರಡು ಅಕ್ಷರಗಳೂ 1597 ಎಂಬ ಇಸವಿಯೂ ಇವೆ. ಆಮೇಲೆ ಕಟ್ಟಿದ ಭಾಗದಲ್ಲಿ 1611 ಎಂದಿದೆ, ಅಕ್ಷರಗಳು ಮೂರಾಗಿವೆ. ನಡುವೆ ಅವನಿಗೆ ‘ಸರ್’ ಪದವಿ ಬಂದಿತ್ತು. ಒಂದು ಮನೆತನದ ಏಳಿಗೆಯನ್ನು ಅಂಗಳದಲ್ಲಿ ನಿಂತೇ ಓದಿಬಿಡಬಹುದು.

ಈ ಬ್ರೂಸ್ ಮಾಡಿದ ಸಾಹಸ ತಿಳಿದರೆ ಮನೆ ಬೇರೆ ರೀತಿ ಕಾಣುತ್ತದೆ. ಕಲ್ಲಿದ್ದಲಿನ ಪದರ ಅಳಿವೆಯ ಕೆಳಗೆ ಹಾದುಹೋಗಿತ್ತು. ಇಳಿತದಲ್ಲಿ ನೆಲ ಕಾಣುವ ಕಡೆ ಅವನು ಸಮುದ್ರದೊಳಗೇ ದುಂಡನೆಯ ಕಲ್ಲಿನ ಕಟ್ಟೆ ಕಟ್ಟಿಸಿ, ಅದರೊಳಗಿಂದ ಗಣಿಗೆ ಬಾವಿ ತೋಡಿಸಿದ. ಒಳಗೆ ಸೋರುವ ನೀರನ್ನು ಎತ್ತಿಹಾಕಲು ಕುದುರೆಗಳು ತಿರುಗಿಸುವ ಚಕ್ರ, ಅದಕ್ಕೆ ಸರಪಳಿಯಲ್ಲಿ ಸಾಲಾಗಿ ಕಟ್ಟಿದ ಬಕೆಟ್ಟುಗಳು. ಮೇಲೆ ಬಂದ ಕಲ್ಲಿದ್ದಲನ್ನು ಆ ಕಟ್ಟೆಯಿಂದಲೇ ನೇರ ಹಡಗಿಗೆ ತುಂಬುತ್ತಿದ್ದರು. 1617ರಲ್ಲಿ ಆರನೆಯ ಜೇಮ್ಸ್ ರಾಜ ಇದನ್ನು ನೋಡಲು ಬಂದ. ದಡದಲ್ಲಿ ಗಣಿಯೊಳಗೆ ಇಳಿದವನು ಮೇಲೆ ಹತ್ತಿ ಬಂದಾಗ ಸುತ್ತಲೂ ನೀರು ಕಂಡು, ತನ್ನನ್ನು ಕೊಲ್ಲುವ ಸಂಚಿದು ಎಂದು ಕೂಗಿಕೊಂಡನಂತೆ. ಊರಿನವರು ಈಗಲೂ ಆ ಕಥೆಯನ್ನು ನಿನ್ನೆ ಮೊನ್ನೆ ನಡೆದದ್ದೆಂಬಂತೆ ಹೇಳುತ್ತಾರೆ. 1625ರ ಬಿರುಗಾಳಿಗೆ ಗಣಿ ಮುಳುಗಿಹೋಯಿತು, ಬ್ರೂಸ್ ಕೂಡ ಅದೇ ವರ್ಷ ತೀರಿಕೊಂಡ.

ಮಾರಾಟಕ್ಕೆ ಬಾರದ ಪುಡಿ ಕಲ್ಲಿದ್ದಲನ್ನು ಅವರು ಎಸೆಯುತ್ತಿರಲಿಲ್ಲ. ಅಗಲವಾದ ಕಬ್ಬಿಣದ ಬಾಣಲೆಗಳಲ್ಲಿ ಸಮುದ್ರದ ನೀರು ತುಂಬಿ, ಕೆಳಗೆ ಆ ಪುಡಿ ಉರಿಸಿ ಉಪ್ಪು ತೆಗೆಯುತ್ತಿದ್ದರು. ಬಿಸಿಲಿನಿಂದ ಉಪ್ಪಾಗುವ ನಮ್ಮ ಕರಾವಳಿಯ ಆಗರಗಳ ಭಾಗ್ಯ ಆ ಮೋಡದ ನಾಡಿಗಿಲ್ಲ. ಉಪ್ಪು, ಕಲ್ಲಿದ್ದಲು ಹೊತ್ತ ಹಡಗುಗಳು ನೆದರ್ಲೆಂಡ್ಸ್‌ಗೂ ಬಾಲ್ಟಿಕ್ ಬಂದರುಗಳಿಗೂ ಹೋಗಿ, ವಾಪಸಾಗುವಾಗ ಪೈನ್ ಮರ, ಹೆಂಚು, ಗಾಜು ತಂದವು. ಮನೆಯ ಹಲಗೆ ಹಲಗೆಯೂ ಆ ವ್ಯಾಪಾರದ ಲೆಕ್ಕ ಹೇಳುತ್ತದೆ. ಇದೇ ಊರಿನ ಕಮ್ಮಾರರು ಓಟ್ಸ್ ರೊಟ್ಟಿ ಸುಡುವ ಕಬ್ಬಿಣದ ಕಾವಲಿಗೆ ಹೆಸರಾಗಿದ್ದರು. ಕಾವಲಿ ತಯಾರಿಸುವ ಏಕಸ್ವಾಮ್ಯವನ್ನೇ ರಾಜ ಅವರಿಗೆ ಕೊಟ್ಟಿದ್ದ. 1759ರಲ್ಲಿ ಅಳಿವೆಯ ಆಚೆಯ ಕ್ಯಾರನ್‌ನಲ್ಲಿ ಎರಕದ ಕಾರ್ಖಾನೆ ಶುರುವಾಗಿ ಅಗ್ಗದ ಕಾವಲಿ ಬಂದ ಮೇಲೆ ಆ ಕಸುಬು ನಿಂತಿತು.

ಮನೆಯೊಳಗೆ ಹೋದರೆ ಅವಸರ ಮಾಡಬೇಡಿ. ಕೋಣೆಗಳು ಚಿಕ್ಕವು, ಬಾಗಿಲು ತಗ್ಗು, ಗೋಡೆಗೆ ಮರದ ಹಲಗೆ. ಚಳಿಯ ದೇಶದಲ್ಲಿ ಶ್ರೀಮಂತಿಕೆ ಎಂದರೆ ವಿಶಾಲವಾದ ಹಜಾರವಲ್ಲ, ಬೆಚ್ಚಗಿರುವ ಕೋಣೆ. ಕಿಟಕಿಗಳ ಮೇಲರ್ಧಕ್ಕೆ ಮಾತ್ರ ಸೀಸದ ಪಟ್ಟಿಯಲ್ಲಿ ಕೂರಿಸಿದ ಸಣ್ಣ ಸಣ್ಣ ಗಾಜು, ಕೆಳಗಿನರ್ಧಕ್ಕೆ ಮರದ ಕದ. ಗಾಜು ಅಷ್ಟು ದುಬಾರಿಯಾಗಿತ್ತು. ಮಹಡಿಯಲ್ಲಿ ಕಮಾನಿನಂತೆ ಬಾಗಿದ ಹಲಗೆಯ ಚಾವಣಿಯೊಂದಿದೆ, ಅದರ ತುಂಬ ಚಿತ್ರ. ಹೆಂಗಸರು, ಪ್ರಾಣಿಗಳು, ಹಡಗು, ಒಂದೊಂದರ ಜೊತೆಗೂ ಲ್ಯಾಟಿನ್ನಿನಲ್ಲಿ ಒಂದು ನೀತಿ, ಕೆಳಗೆ ಪದ್ಯ. 1586ರಲ್ಲಿ ಜೆಫ್ರಿ ವಿಟ್ನಿ ಎಂಬವನು ಅಚ್ಚುಹಾಕಿಸಿದ ಚಿತ್ರನೀತಿಯ ಪುಸ್ತಕವನ್ನು ಮುಂದಿಟ್ಟುಕೊಂಡು ಬರೆಸಿದ್ದು ಇವು. ಬಣ್ಣ ಮಾಸದಿರಲಿ ಎಂದು ಬೆಳಕು ಬಹಳ ಕಡಿಮೆ ಇಟ್ಟಿರುತ್ತಾರೆ. ಕಣ್ಣು ಹೊಂದಿಕೊಳ್ಳುವ ತನಕ ಸುಮ್ಮನೆ ನಿಂತರೆ ಒಂದೊಂದೇ ಆಕೃತಿ ಮೇಲೆದ್ದು ಬರುತ್ತದೆ. ಕೋಣೆಕೋಣೆಗೂ ಕೂತಿರುವ ಸ್ವಯಂಸೇವಕರನ್ನು ಮಾತಾಡಿಸಿ. ಹೆಚ್ಚಿನವರು ನಿವೃತ್ತರು, ಆ ಸುತ್ತಲಿನವರು, ಕೇಳುವವರಿಗಾಗಿ ಕಾಯುತ್ತಿರುತ್ತಾರೆ. ನನಗೆ ಆ ಚಾವಣಿಯ ಚಿತ್ರಗಳನ್ನು ಒಂದೊಂದಾಗಿ ತೋರಿಸಿಕೊಟ್ಟ ಅಜ್ಜಿಯೊಬ್ಬರು ತಮ್ಮ ತಾತ ಕಲ್ಲಿದ್ದಲು ಗಣಿಯ ಆಳು ಎಂದು ಹೇಳಿದ ಮೇಲೆ, ಆ ಮನೆಯ ಬಗ್ಗೆ ಇನ್ನೊಂದು ಮಾತು ತಿಳಿಯಬೇಕೆನ್ನಿಸಿತು.

ಆ ಮಾತು ಇದು. 1606ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು. ಅದರ ಪ್ರಕಾರ ಗಣಿಯ ಆಳುಗಳೂ ಉಪ್ಪು ಕಾಯಿಸುವವರೂ ಒಡೆಯನ ಒಪ್ಪಿಗೆ ಚೀಟಿಯಿಲ್ಲದೆ ಬೇರೆಡೆ ಕೆಲಸಕ್ಕೆ ಸೇರುವಂತಿರಲಿಲ್ಲ. ಓಡಿಹೋದವರನ್ನು ಹಿಡಿದು ತರಬಹುದಿತ್ತು. ಹೆಚ್ಚುಕಡಿಮೆ ಜೀತವೇ. ಇದನ್ನು ಸಡಿಲಿಸಲು 1775ರಲ್ಲಿ ಒಂದು ಕಾಯ್ದೆ, ಪೂರ್ತಿ ತೆಗೆದುಹಾಕಲು 1799ರಲ್ಲಿ ಇನ್ನೊಂದು ಬೇಕಾಯಿತು. ಹಳದಿ ಅರಮನೆಯ ಗೋಡೆ ಏಳುತ್ತಿದ್ದ ಕಾಲದಲ್ಲೇ ಆ ಮೊದಲ ಕಾಯ್ದೆ ಬಂದದ್ದು. ಹಳೆಯ ಕಟ್ಟಡ ನೋಡುವಾಗ ಅದರ ಅಂದವನ್ನೂ ಅದಕ್ಕೆ ತೆತ್ತವರನ್ನೂ ಒಟ್ಟಿಗೆ ನೋಡಬೇಕು ಎಂದು ನಾನು ನಂಬಿದ್ದೇನೆ. ಒಂದನ್ನು ಮರೆತರೆ ಇನ್ನೊಂದು ಅರ್ಧವೇ ಕಾಣುತ್ತದೆ.

ಹೊರಗೆ ಓಣಿಯಲ್ಲಿ ನೆಲ ನೋಡಿಕೊಂಡು ನಡೆಯಿರಿ. ಗುಂಡುಕಲ್ಲು ಹಾಸಿದ ದಾರಿಯ ನಡುವೆ ಚಪ್ಪಟೆ ಕಲ್ಲುಗಳ ಒಂದು ಸಾಲು ತುಸು ಎತ್ತರಕ್ಕಿದೆ. ಊರಿನ ಗಣ್ಯರು ಅದರ ಮೇಲೆ ನಡೆಯುತ್ತಿದ್ದರು, ಉಳಿದವರು ಕೊಳಚೆ ಹರಿಯುವ ಎರಡೂ ಬದಿಯ ತಗ್ಗಿನಲ್ಲಿ. 1626ರಲ್ಲಿ ಕಟ್ಟಿದ ಪುರಭವನದ ಅಟ್ಟದಲ್ಲಿ ಮಾಟಗಾತಿಯರೆಂದು ಹಿಡಿದ ಹೆಂಗಸರನ್ನು ವಿಚಾರಣೆಗೆ ಮುಂಚೆ ಕೂಡಿಹಾಕುತ್ತಿದ್ದರು. ಮಾಟದ ವಿರುದ್ಧದ ಕಾಯ್ದೆ ಸ್ಕಾಟ್ಲೆಂಡಿನಲ್ಲಿ 1563ರಿಂದ 1736ರವರೆಗೆ ಇತ್ತು. ಅದರಡಿ ಸತ್ತವರಿಗೆ 2022ರ ಮಾರ್ಚಿನಲ್ಲಿ ಅಲ್ಲಿನ ಸರ್ಕಾರದ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ಗುಡ್ಡ ಹತ್ತಿದರೆ 1217ರಲ್ಲಿ ಶುರುವಾದ ಮಠ. ಅದರ ಒಂದು ಭಾಗ ಇವತ್ತಿಗೂ ಊರಿನ ಚರ್ಚು. ಪಕ್ಕದ ಕೋಣೆಯಲ್ಲಿ ಬ್ರೂಸ್ ದಂಪತಿಯ ಅಮೃತಶಿಲೆಯಂಥ ಬಿಳಿಗಲ್ಲಿನ ಮೂರ್ತಿಗಳು ಮಲಗಿವೆ, ಮುಂದೆ ಎಂಟು ಮಕ್ಕಳು ಸಾಲಾಗಿ ಮಂಡಿಯೂರಿ ಕೈಮುಗಿದಿದ್ದಾರೆ. ಒಂದೊಂದು ಮಗುವಿನ ಮುಖವನ್ನೂ ಶಿಲ್ಪಿ ಶ್ರದ್ಧೆಯಿಂದ ಮಾಡಿದ್ದಾನೆ.

ಈಗ ಮನೆ ಓದುವುದು ಹೇಗೆಂದು ಹೇಳುತ್ತೇನೆ. ಕೂರಸ್‌ನಲ್ಲಿ ಕಲಿತದ್ದು ಫೈಫ್‌ನ ಎಲ್ಲ ಊರಿಗೂ ಆಗಿಬರುತ್ತದೆ. ಮೊದಲು ಸೂರು ನೋಡಿ. ಕೆಂಪು ಹೆಂಚು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಾಗಿರುತ್ತದೆ. ಒಂದರ ಅಂಚು ಪಕ್ಕದ್ದರ ಮೇಲೆ ಕೂರುತ್ತದೆ. ಹಡಗಿನ ತಳಕ್ಕೆ ಭಾರವಾಗಿ ನೆದರ್ಲೆಂಡ್ಸ್ ಕಡೆಯಿಂದ ಬಂದ ಇದನ್ನು ಆಮೇಲೆ ಅಲ್ಲೇ ಸುಡತೊಡಗಿದರು. ಕಾಡುಹಂಚು, ಮಂಗಳೂರು ಹೆಂಚು ಎರಡನ್ನೂ ಬಲ್ಲ ನಮ್ಮ ಕಣ್ಣಿಗೆ ಇದು ಅವೆರಡರ ನಡುವಿನದು ಎನ್ನಿಸುತ್ತದೆ. ಸೂರಿನ ಕೆಳತುದಿಯಲ್ಲಿ ಕೆಲವು ಸಾಲು ಹೆಂಚಿನ ಬದಲು ಕಪ್ಪು ಸ್ಲೇಟುಕಲ್ಲು ಇರುತ್ತದೆ, ಮಳೆನೀರು ಮೊದಲು ಬಂದು ನಿಲ್ಲುವ ಜಾಗ ಅದಾದ್ದರಿಂದ. ಇನ್ನು ಮನೆಯ ಎರಡು ತುದಿಯ ಗೋಡೆ. ಅದರ ಮೇಲಂಚು ಇಳಿಜಾರಾಗಿರದೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕಾಗೆ ಮೆಟ್ಟಿಲು ಎಂದು ಅದಕ್ಕೆ ಹೆಸರು. ಒರಟು ಕಲ್ಲಿನಲ್ಲಿ ಓರೆ ಅಂಚು ಕಡೆಯುವುದಕ್ಕಿಂತ ಹೀಗೆ ಮೆಟ್ಟಿಲಾಗಿ ಮುಗಿಸುವುದು ಗಾರೆಯವರಿಗೆ ಸುಲಭ.

ಆಮೇಲೆ ಗೋಡೆಯ ಮೈ ಮುಟ್ಟಿ ನೋಡಿ. ಸುಣ್ಣದ ಗಾರೆಗೆ ದಪ್ಪ ಮರಳು, ಸಣ್ಣ ಜಲ್ಲಿ ಬೆರೆಸಿ, ಕರಣೆಯಿಂದ ರಪ್ಪೆಂದು ಗೋಡೆಗೆ ಎಸೆದು ಅಂಟಿಸಿದ ಗಿಲಾವು ಅದು. ಅದಕ್ಕೆ ಹಾರ್ಲಿಂಗ್ ಎನ್ನುತ್ತಾರೆ. ಮೈ ತರಿತರಿಯಾಗಿರುವುದರಿಂದ ಬಿದ್ದ ಮಳೆ ಬೇಗ ಆರಿಹೋಗುತ್ತದೆ. ಸುಣ್ಣ ತೇವವನ್ನು ಒಳಗೆ ಹಿಡಿದಿಟ್ಟುಕೊಳ್ಳುವುದಿಲ್ಲ, ಹೊರಕ್ಕೆ ಬಿಡುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಎಷ್ಟೋ ಮನೆಗಳಿಗೆ ಗಟ್ಟಿಯಾಗಲಿ ಎಂದು ಸಿಮೆಂಟು ಬಳಿದರು. ನೀರು ಬಿರುಕಿನಿಂದ ಒಳಹೊಕ್ಕಿತು, ಹೊರಬರಲು ದಾರಿಯಿಲ್ಲದೆ ಹಿಂದಿನ ಕಲ್ಲನ್ನೇ ತಿಂದಿತು. ಈಗ ಆ ಸಿಮೆಂಟನ್ನು ಕೆತ್ತಿ ತೆಗೆದು ಮತ್ತೆ ಸುಣ್ಣ ಹಾಕುವ ಕೆಲಸ ಎಲ್ಲೆಡೆ ನಡೆಯುತ್ತಿದೆ. ಹಳೆಯ ಮನೆಯಿರುವ ಓದುಗರೆಲ್ಲ ಇದನ್ನು ಗಮನಿಸಬೇಕು. ಗಾರೆ ಗೋಡೆಗೆ ಸಿಮೆಂಟು ಮೆತ್ತುವ ಮುಂಚೆ ಸುಣ್ಣದ ಕೆಲಸ ಬಲ್ಲವರನ್ನು ಕೇಳಿ.

ಕೊನೆಗೆ ಬಾಗಿಲ ಮೇಲಿನ ಲಿಂಟಲ್ ಕಲ್ಲು. ಅಲ್ಲಿ ಒಂದು ಇಸವಿ, ಅದರ ಎರಡೂ ಬದಿಗೆ ಇಬ್ಬರ ಹೆಸರಿನ ಮೊದಲಕ್ಷರಗಳು ಕೆತ್ತಿರುತ್ತವೆ. ಮದುವೆಯಾಗಿ ಮನೆ ಹೂಡಿದ ಗಂಡ ಹೆಂಡತಿಯವು. ಅಲ್ಲಿನ ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರನ್ನೇ ಉಳಿಸಿಕೊಳ್ಳುತ್ತಿದ್ದರು. ಹಾಗಾಗಿ ಎರಡು ಬೇರೆ ಬೇರೆ ಮನೆತನದ ಅಕ್ಷರಗಳು ಕಲ್ಲಿನಲ್ಲಿ ಉಳಿದಿವೆ. ಅರಮನೆಗಳಲ್ಲಿ ರಾಣಿಯರ ಹೆಸರು ಸಿಗುತ್ತದೆ, ಆದರೆ ಕಮ್ಮಾರನ ಹೆಂಡತಿಯ ಗುರುತು ಬೀದಿಯಲ್ಲಿ ನಿಂತು ಓದಲು ಸಿಗುವುದು ಇಲ್ಲಿ. ನನಗೆ ಫೈಫ್‌ನಲ್ಲಿ ಅತ್ಯಂತ ಪ್ರಿಯವಾದದ್ದು ಈ ಕಲ್ಲುಗಳೇ.

ಇವೆಲ್ಲ ಉಳಿದದ್ದು ಹೇಗೆ ಎಂಬುದು ಓದುಗರು ಕೇಳದ, ಆದರೆ ಕೇಳಬೇಕಾದ ಪ್ರಶ್ನೆ. ಮೊದಲು ಕಾಪಾಡಿದ್ದು ಬಡತನ. ಗಣಿ, ಉಪ್ಪು, ಕಾವಲಿ ಒಂದೊಂದಾಗಿ ಕೈಬಿಟ್ಟ ಮೇಲೆ ಹಳೆಯದನ್ನು ಕೆಡವಿ ಹೊಸದು ಕಟ್ಟಿಸುವಷ್ಟು ದುಡ್ಡು ಕೂರಸ್‌ನಲ್ಲಿ ಯಾರಿಗೂ ಇರಲಿಲ್ಲ. ಆದರೆ 1930ರ ದಶಕದಲ್ಲಿ ಕೊಳೆಗೇರಿ ನಿರ್ಮೂಲನೆಯ ಕಾಯ್ದೆಗಳು ಬಂದವು. ನಲ್ಲಿಯಿಲ್ಲದ, ಕಕ್ಕಸಿಲ್ಲದ, ತೇವ ಹಿಡಿದ ಮನೆಗಳನ್ನು ವಾಸಕ್ಕೆ ತಕ್ಕುದಲ್ಲ ಎಂದು ಸಾಲುಸಾಲಾಗಿ ಕೆಡವುವ ಕೆಲಸ ಶುರುವಾಯಿತು. ಬಡವರಿಗೆ ಒಳ್ಳೆಯ ಮನೆ ಸಿಗಬೇಕೆಂಬ ಉದ್ದೇಶ ನ್ಯಾಯವಾದದ್ದೇ. ಜೊತೆಗೆ ಮುನ್ನೂರು ವರ್ಷದ ಬೀದಿಗಳೂ ಹೋಗುತ್ತಿದ್ದವು. 1931ರಲ್ಲಿ ಹುಟ್ಟಿದ್ದ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಮರುವರ್ಷವೇ ಕೂರಸ್‌ನ ಹಳದಿ ಮನೆಯನ್ನು 700 ಪೌಂಡಿಗೆ ಕೊಂಡಿತು. ಮುಂದಿನ ವರ್ಷಗಳಲ್ಲಿ ಊರಿನ ಸಣ್ಣ ಮನೆಗಳನ್ನೂ ಒಂದೊಂದಾಗಿ ಕೊಳ್ಳುತ್ತ ಹೋಯಿತು.

1960ರಲ್ಲಿ ಅದೇ ಟ್ರಸ್ಟು ‘ಸಣ್ಣ ಮನೆಗಳ ಯೋಜನೆ’ ಆರಂಭಿಸಿತು. ಅದರ ಲೆಕ್ಕಾಚಾರ ಸರಳ. ಒಂದು ನಿಧಿ ಇರುತ್ತದೆ. ಅದರಿಂದ ಬೀಳುವ ಸ್ಥಿತಿಯ ಮನೆಯೊಂದನ್ನು ಕೊಳ್ಳುವುದು. ಗೋಡೆ, ಸೂರು, ಲಿಂಟಲ್ ಹಾಗೇ ಉಳಿಸಿ, ಒಳಗೆ ನೀರು, ಬಚ್ಚಲು, ವಿದ್ಯುತ್ತು ಹಾಕಿಸುವುದು. ಆಮೇಲೆ ವಾಸಕ್ಕೆ ಬರುವವರಿಗೆ ಮಾರುವುದು. ಹೊರರೂಪ ಬದಲಿಸಬಾರದೆಂಬ ಷರತ್ತು ಕ್ರಯಪತ್ರದಲ್ಲೇ ಇರುತ್ತದೆ, ಮುಂದೆ ಯಾರೇ ಕೊಂಡರೂ ಅದು ಅಂಟಿಕೊಂಡೇ ಬರುತ್ತದೆ. ಮಾರಿದ ಹಣ ನಿಧಿಗೆ ವಾಪಸಾಗಿ ಮುಂದಿನ ಮನೆಗೆ ಹೋಗುತ್ತದೆ. ಮ್ಯೂಸಿಯಂ ಮಾಡಿ ಬೀಗ ಹಾಕಿದ್ದರೆ ಆ ಹಣ ಒಂದೇ ಮನೆಗೆ ಮುಗಿದುಹೋಗುತ್ತಿತ್ತು, ಬೀದಿಗಳೂ ಖಾಲಿಯಾಗುತ್ತಿದ್ದವು. ಡೈಸರ್ಟ್, ಪಿಟನ್‌ವೀಮ್, ಕ್ರೇಲ್‌ಗಳಲ್ಲಿ ಈ ರೀತಿ ಉಳಿದ ಮನೆಗಳ ಕಿಟಕಿಯಲ್ಲಿ ಇವತ್ತು ಹೂಕುಂಡ, ಒಳಗೆ ಮಕ್ಕಳ ಗಲಾಟೆ. ಪರಂಪರೆಯ ಕಟ್ಟಡವನ್ನು ಉಳಿಸುವ ಅತ್ಯುತ್ತಮ ದಾರಿ ಅದರಲ್ಲಿ ಜನ ಬಾಳುವಂತೆ ಮಾಡುವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಾನು ಕಂಡಿಲ್ಲ.

ಎರಡನೆಯ ದಿನ ಒಳನಾಡಿಗೆ, ಲೋಮಂಡ್ ಗುಡ್ಡಗಳ ಬುಡದ ಫಾಲ್ಕ್‌ಲ್ಯಾಂಡ್‌ಗೆ. ಇದು ನಿಜವಾಗಿ ರಾಜರ ಜಾಗ. ಸ್ಟುವರ್ಟ್ ವಂಶದವರು ಬೇಟೆಗೆ ಬಂದು ಇಳಿಯುತ್ತಿದ್ದ ಅರಮನೆ. ಐದನೆಯ ಜೇಮ್ಸ್ ಫ್ರಾನ್ಸಿನ ಕುಶಲಕರ್ಮಿಗಳನ್ನು ಕರೆಸಿ ಅಂಗಳದ ಮುಖಗೋಡೆಯನ್ನು ಹೊಸ ಶೈಲಿಯಲ್ಲಿ ಕಟ್ಟಿಸಿದ, 1542ರ ಡಿಸೆಂಬರಿನಲ್ಲಿ ಅಲ್ಲೇ ಸತ್ತ. ತೋಟದ ಕೊನೆಯಲ್ಲಿ ಅವನ ಕಾಲದ, 1539ರ ಟೆನಿಸ್ ಅಂಗಳವಿದೆ. ನಾಲ್ಕು ಗೋಡೆಯ ನಡುವೆ ಆಡುವ ಹಳೆಯ ಬಗೆಯ ಆಟ, ಇಂದಿಗೂ ಅಲ್ಲಿ ಆಡುತ್ತಾರೆ. ಅರಮನೆಗಿಂತ ನನಗೆ ಅದರ ಸುತ್ತಲಿನ ಊರು ಇಷ್ಟ. 1970ರಲ್ಲಿ ಸ್ಕಾಟ್ಲೆಂಡಿನ ಮೊದಲ ಸಂರಕ್ಷಿತ ವಲಯವೆಂದು ಘೋಷಣೆಯಾದದ್ದು ಇದೇ. ಒಂದು ಕಟ್ಟಡವನ್ನಲ್ಲ, ಇಡೀ ಊರಿನ ರೂಪವನ್ನು ಕಾಯುವ ಕ್ರಮ ಅದು. ಅರಮನೆಯ ಎದುರಿಗೇ 1610ರ ಹುಲ್ಲುಸೂರಿನ ಮನೆಯೊಂದಿದೆ. ‘ಔಟ್‌ಲ್ಯಾಂಡರ್’ ಧಾರಾವಾಹಿ ನೋಡಿದವರಿಗೆ ಈ ಚೌಕವೂ ಕೂರಸ್‌ನ ಓಣಿಯೂ ಪರಿಚಿತವೆನ್ನಿಸುತ್ತವೆ, ಎರಡೂ ಕಡೆ ಅದರ ಚಿತ್ರೀಕರಣ ನಡೆದಿದೆ.

ಫಾಲ್ಕ್‌ಲ್ಯಾಂಡ್‌ನಿಂದ ಸ್ವಲ್ಪವೇ ದೂರದಲ್ಲಿ ಪಿಟ್ಲೆಸಿ ಎಂಬ ಹಳ್ಳಿಯಿದೆ. ಪ್ರವಾಸಿಗರು ಅಲ್ಲಿ ನಿಲ್ಲುವುದಿಲ್ಲ. ಕನ್ನಡಿಗರು ನಿಲ್ಲಬೇಕು ಎನ್ನುತ್ತೇನೆ. ಅದರ ಪಕ್ಕದ ಕಲ್ಟ್ಸ್‌ನ ಪಾದ್ರಿಯ ಮನೆಯಲ್ಲಿ 1785ರಲ್ಲಿ ಡೇವಿಡ್ ವಿಲ್ಕಿ ಎಂಬ ಕಲಾವಿದ ಹುಟ್ಟಿದ. ಹರೆಯದಲ್ಲೇ, 1804ರಲ್ಲಿ, ತನ್ನೂರ ಜಾತ್ರೆಯನ್ನು ಚಿತ್ರಿಸಿದ. ದನ, ಕುದುರೆ, ಕುಡುಕ, ಅಂಗಡಿಯಮ್ಮ, ಮಕ್ಕಳು, ಎಲ್ಲರೂ ತನ್ನ ನೆರೆಹೊರೆಯವರೇ. ಅದೇ ವಿಲ್ಕಿ 1839ರಲ್ಲಿ ಮುಗಿಸಿದ ಆಳೆತ್ತರ ಮೀರಿದ ಚಿತ್ರ ಇನ್ನೊಂದಿದೆ: 1799ರ ಮೇ 4ರ ರಾತ್ರಿ ಶ್ರೀರಂಗಪಟ್ಟಣದ ಕೋಟೆಬಾಗಿಲಲ್ಲಿ ಜನರಲ್ ಡೇವಿಡ್ ಬೇರ್ಡ್ ಲಾಂದ್ರದ ಬೆಳಕಿನಲ್ಲಿ ಟಿಪ್ಪು ಸುಲ್ತಾನನ ದೇಹವನ್ನು ಕಂಡದ್ದು. ಬೇರ್ಡ್ ಕೂಡ ಸ್ಕಾಟ್. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲೇ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂದಿಯಾಗಿದ್ದವನು. ಚಿತ್ರ ಬರೆಸಿದ್ದು ಅವನ ವಿಧವೆ. ವಿಲ್ಕಿ ಭಾರತವನ್ನು ನೋಡಿದವನೇ ಅಲ್ಲ. ಎರಡೂ ಚಿತ್ರಗಳು ಸ್ಕಾಟ್ಲೆಂಡಿನ ರಾಷ್ಟ್ರೀಯ ಕಲಾಸಂಗ್ರಹದಲ್ಲಿವೆ. ಬೇರ್ಡ್‌ನ ನೆನಪಿಗೆ ಹೆಂಡತಿ ನಿಲ್ಲಿಸಿದ ಚೂಪುಕಂಬ ಪರ್ತ್‌ಶೈರ್‌ನ ಕ್ರೀಫ್ ಊರಿನ ಹತ್ತಿರದ ಗುಡ್ಡದ ಮೇಲಿದೆ. ಸ್ಕಾಟ್ಲೆಂಡಿನ ಹಳ್ಳಿಗಾಡು ನಮ್ಮ ಚರಿತ್ರೆಗೆ ಹೊರಗಿನದಲ್ಲ. ಊರಿನ ಜಾತ್ರೆಯನ್ನು ಕಣ್ಣಾರೆ ಕಂಡು ಬರೆದ ಕೈ, ಕಾಣದ ಶ್ರೀರಂಗಪಟ್ಟಣವನ್ನು ಗೆದ್ದವರ ಕಡೆಯಿಂದ ಬರೆದಾಗ ಏನಾಗುತ್ತದೆ ಎಂದು ಎರಡನ್ನೂ ನೋಡಿದವರು ಯೋಚಿಸಬೇಕು.

ಉಳಿದ ದಿನಗಳು ಪೂರ್ವದ ಕಡಲತೀರಕ್ಕೆ. ಸೇಂಟ್ ಮೊನನ್ಸ್, ಪಿಟನ್‌ವೀಮ್, ಆ್ಯನ್‌ಸ್ಟ್ರದರ್, ಕ್ರೇಲ್, ನಡೆದೇ ಹೋಗಬಹುದಾದಷ್ಟು ಹತ್ತಿರದ ಬಂದರುಗಳ ಸಾಲು. 187 ಕಿಲೋಮೀಟರ್ ಉದ್ದದ ಫೈಫ್ ಕರಾವಳಿ ಕಾಲುದಾರಿ ಇವನ್ನೆಲ್ಲ ಪೋಣಿಸುತ್ತದೆ. ಪೂರ್ತಿ ನಡೆಯಬೇಕಿಲ್ಲ. ಸೇಂಟ್ ಮೊನನ್ಸ್‌ನಿಂದ ಆ್ಯನ್‌ಸ್ಟ್ರದರ್‌ವರೆಗಿನ ತುಂಡು ವಯಸ್ಸಾದವರಿಗೂ ಆಗುತ್ತದೆ, ಸುಸ್ತಾದರೆ ಮೇಲಿನ ರಸ್ತೆಯಲ್ಲಿ ಬಸ್ಸಿದೆ. ದಾರಿಯಲ್ಲಿ ಹದಿನೆಂಟನೆಯ ಶತಮಾನದ ಗಾಳಿಗಿರಣಿಯೊಂದು ನಿಂತಿದೆ, ಉಪ್ಪಿನ ಬಾಣಲೆಗಳಿಗೆ ಸಮುದ್ರದ ನೀರೆತ್ತಲು ಕಟ್ಟಿದ್ದು. ಪಿಟನ್‌ವೀಮ್‌ನಲ್ಲಿ ಇನ್ನೂ ನಿಜವಾದ ಮೀನುಗಾರಿಕೆ ನಡೆಯುತ್ತದೆ, ಬಂದರಿನಲ್ಲಿ ಬಲೆ, ಏಡಿಯ ಬೋನು, ಐಸಿನ ಪೆಟ್ಟಿಗೆ. ಅಲ್ಲಿನ ಹಳೆಯ ಮನೆಗಳಿಗೆ ಹೊರಗಿನಿಂದ ಕಲ್ಲಿನ ಮೆಟ್ಟಿಲು. ವಾಸ ಮೇಲೆ, ಬಲೆ ಹಗ್ಗಗಳು ಕೆಳಗೆ. ಆ್ಯನ್‌ಸ್ಟ್ರದರ್‌ನ ಮೀನುಗಾರಿಕೆ ಮ್ಯೂಸಿಯಂ 1969ರಲ್ಲಿ ತೆರೆದದ್ದು, ಅರ್ಧ ದಿನ ಬೇಕು. ಅವರ ‘ರೀಪರ್’ ಎಂಬ 1902ರ ಹಾಯಿದೋಣಿ ಬಂದರಿನಲ್ಲಿದ್ದರೆ ಬಿಡಬೇಡಿ.

ನಡೆಯಲು ಅಂಜಬೇಡಿ. 2003ರ ಭೂಸುಧಾರಣಾ ಕಾಯ್ದೆ ಸ್ಕಾಟ್ಲೆಂಡಿನ ಹೊಲ, ಗುಡ್ಡ, ಕಾಡುಗಳಲ್ಲಿ ಯಾರು ಬೇಕಾದರೂ ಜವಾಬ್ದಾರಿಯಿಂದ ನಡೆದಾಡುವ ಹಕ್ಕು ಕೊಟ್ಟಿದೆ. ಮನೆಯ ಅಂಗಳ, ತೋಟ, ಬೆಳೆ ನಿಂತ ಹೊಲಕ್ಕೆ ಕಾಲಿಡಬಾರದು, ಗೇಟು ಹೇಗಿತ್ತೋ ಹಾಗೆ ಮುಚ್ಚಬೇಕು, ಅಷ್ಟೆ. ಪೂರ್ವ ತೀರದಲ್ಲಿ ವಸಂತ ಮತ್ತು ಬೇಸಿಗೆಯ ಹೊತ್ತಿಗೆ ‘ಹಾರ್’ ಎಂಬ ಕಡಲಮಂಜು ಇದ್ದಕ್ಕಿದ್ದಂತೆ ಕವಿಯುತ್ತದೆ. ಜೂನ್ ತಿಂಗಳಾದರೂ ಬೆಚ್ಚನೆಯ ಸ್ವೆಟರ್, ಮಳೆಯಂಗಿ ಚೀಲದಲ್ಲಿರಲಿ. ಆ ತಿಂಗಳಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಸಸ್ಯಾಹಾರಿಗಳು ಕೇಳುವ ಪ್ರಶ್ನೆಗೆ ಉತ್ತರ: ಉಪವಾಸ ಬೀಳುವುದಿಲ್ಲ. ಬೇಳೆಯ ಸೂಪು, ಓಟ್ಸ್ ಬಿಸ್ಕತ್ತು, ಚೀಸು, ಸ್ಕೋನು ಎಲ್ಲ ಹಳ್ಳಿಯಲ್ಲೂ ಸಿಗುತ್ತದೆ. ಸೂಪು ಯಾವ ಸಾರಿನಲ್ಲಿ ಕುದಿಸಿದ್ದು ಎಂದು ಮಾತ್ರ ಕೇಳಿಕೊಳ್ಳಿ. ಹಳ್ಳಿಯ ಹೋಟೆಲುಗಳು ಸಂಜೆ ಬೇಗ ಬಾಗಿಲು ಹಾಕುತ್ತವೆ.

ಟಿಕೆಟ್ಟಿನ ವಿಷಯದಲ್ಲಿ ಹಲವರು ಗೊಂದಲಪಡುತ್ತಾರೆ. ಕೂರಸ್, ಫಾಲ್ಕ್‌ಲ್ಯಾಂಡ್ ಅರಮನೆಗಳು, ಪಿಟನ್‌ವೀಮ್ ಹತ್ತಿರದ ಕೆಲ್ಲಿ ಕ್ಯಾಸಲ್ ನ್ಯಾಷನಲ್ ಟ್ರಸ್ಟಿನ ಕೈಯಲ್ಲಿವೆ. ಅದು ದಾನ ಮತ್ತು ಸದಸ್ಯತ್ವದಿಂದ ನಡೆಯುವ ಸ್ವತಂತ್ರ ಸಂಸ್ಥೆ. ಎಡಿನ್‌ಬರಾ ಕೋಟೆ, ಸೇಂಟ್ ಆ್ಯಂಡ್ರೂಸ್‌ನ ಪಾಳುಬಿದ್ದ ಕೆಥೆಡ್ರಲ್ ಇವು ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಎಂಬ ಸರ್ಕಾರಿ ಸಂಸ್ಥೆಯವು. ಒಂದರ ಪಾಸು ಇನ್ನೊಂದಕ್ಕೆ ನಡೆಯುವುದಿಲ್ಲ. ಚಳಿಗಾಲದಲ್ಲಿ ಟ್ರಸ್ಟಿನ ಹಲವು ಮನೆಗಳು ಮುಚ್ಚಿರುತ್ತವೆ ಅಥವಾ ಕೆಲವೇ ದಿನ ತೆರೆದಿರುತ್ತವೆ.

ವಸತಿಯ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕಿದೆ. ಮನೆಗಳು ಚೆಂದವಾಗಿ ಉಳಿದದ್ದೇ ಈಗ ಊರಿನವರಿಗೆ ಕಷ್ಟ ತಂದಿದೆ. ದೊಡ್ಡ ನಗರಗಳ ಉಳ್ಳವರು ಈ ಬಂದರುಗಳಲ್ಲಿ ರಜೆಗೆಂದು ಎರಡನೆಯ ಮನೆ ಕೊಂಡಿದ್ದಾರೆ, ಬೆಲೆ ಏರಿದೆ, ಅಲ್ಲೇ ಹುಟ್ಟಿ ಬೆಳೆದ ಹುಡುಗ ಹುಡುಗಿಯರಿಗೆ ಮನೆ ಎಟಕುವುದಿಲ್ಲ. ನವೆಂಬರಿನಲ್ಲಿ ಹೋದರೆ ಕೆಲವು ಓಣಿಗಳಲ್ಲಿ ದೀಪ ಉರಿಯುವ ಕಿಟಕಿ ಹುಡುಕಬೇಕು. 2024ರ ಏಪ್ರಿಲ್‌ನಿಂದ ಇಂಥ ಎರಡನೆಯ ಮನೆಗಳಿಗೆ ದುಪ್ಪಟ್ಟು ತೆರಿಗೆ ಹಾಕುವ ಅಧಿಕಾರವನ್ನು ಅಲ್ಲಿನ ಸರ್ಕಾರ ಸ್ಥಳೀಯ ಆಡಳಿತಗಳಿಗೆ ಕೊಟ್ಟಿದೆ, ಅದು ಸರಿಯೆಂದೇ ನನ್ನ ಅಭಿಪ್ರಾಯ. ನಾವು ಪ್ರವಾಸಿಗರು ಮಾಡಬಹುದಾದದ್ದೂ ಇದೆ. ಕೀಲಿಪೆಟ್ಟಿಗೆ ತೂಗುಹಾಕಿದ ಖಾಲಿ ಮನೆಯ ಬದಲು, ವರ್ಷವಿಡೀ ಅಲ್ಲೇ ವಾಸವಿರುವ ಕುಟುಂಬ ತನ್ನ ಮನೆಯಲ್ಲಿ ಒಂದೆರಡು ಕೋಣೆ ಕೊಡುವ ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್ ಆರಿಸಿಕೊಳ್ಳಿ. ಅಂಥವು ಕಡಿಮೆ, ಜುಲೈ ಆಗಸ್ಟಿಗೆ ಬೇಗ ತುಂಬಿಹೋಗುತ್ತವೆ. ಆಗಸ್ಟಿನಲ್ಲಿ ಪಿಟನ್‌ವೀಮ್‌ನ ಕಲಾ ಉತ್ಸವ ಬೇರೆ ಇರುತ್ತದೆ. ಯುಗಾದಿಯ ಹೊತ್ತಿಗೇ ಪತ್ರ ಬರೆದು ಕೋಣೆ ಕಾದಿರಿಸಿಕೊಂಡರೆ ಒಳ್ಳೆಯದು.